ಬಿದ್ದರೆ ಹಾರುವ ಪಿಸ್ತೂಲು

ಮಾರ್ಚ್ ೪, ಸೋಮವಾರ

ಹದಿನಾಲ್ಕು ಪಿಸ್ತೂಲು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಜೋಡಿಸಿದೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಅದಕ್ಕೂ ಮುಂಚೆ ಇದೇ ಬೆಂಚಿನಲ್ಲಿ ಅಪ್ಪ.

ಮೂರು ಗಂಟೆಗೆ ಸಾಹೇಬರು ಕರೆದರು. ಎಲ್ಲರೂ ಮೀಸೆ ಅಂತ ಕರೆಯೋ ಖಜಾನೆ ಗಾರ್ಡ್ ಇದ್ದಾನಲ್ಲ, ಬೆಲ್ಟ್ ಬಿಚ್ಚುವಾಗ ಅವನ ಪಿಸ್ತೂಲು ಜಾರಿ ಬಿತ್ತಂತೆ. ಗುಂಡು ಹಾರಿ, ನೆಲಕ್ಕೆ ಬಡಿದು ಚಿಮ್ಮಿ, ಟೈಪಿಸ್ಟ್ ಹೆಂಗಸಿನ ಮಂಡಿಗೆ ಹೊಕ್ಕಿದೆ. ಜೀವ ಉಳೀತು, ಮಂಡಿ ಹೋಯ್ತು. ಆಕೆ ಬೆನ್ನು ತಿರುಗಿಸಿ ಕೂತಿದ್ದಳು, ನೋಡಿದವರು ಯಾರೂ ಇಲ್ಲ.

"ಇಪ್ಪತ್ತೈದಕ್ಕೆ ವಿಚಾರಣೆ. ಪಿಸ್ತೂಲಿನ ದೋಷವೋ, ಮನುಷ್ಯನ ದೋಷವೋ, ಒಂದು ಬರೆದುಕೊಡಿ ಮೇಡಂ."

ಮನುಷ್ಯನ ದೋಷ ಅಂತ ಬರೆದರೆ ಮೀಸೆ ಮನೆಗೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ ಅವನಿಗೆ.

ಮಾರ್ಚ್ ೫, ಸಂಜೆ ೭

ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಬಾಯಿ ಬಿಟ್ಟೆ. ತಪ್ಪಾಯ್ತು. ಮೂಗಿನ ತುದಿಯಲ್ಲೇ ಕೋಪ ಆ ಮನುಷ್ಯನಿಗೆ.

"ಆ ಪಿಸ್ತೂಲಿಗೆ ದೋಷವಾ? ನಿನ್ನ ತಾತನ ಕಾಲದಿಂದ ಲೋಕವೆಲ್ಲ ಹಿಡಿದಿದೆ ಕಣೇ ಅದನ್ನ!"

"ಹಿಡಿದಿದೆ ಅಪ್ಪಾ. ಬೀಳಿಸಿದಾಗ ಏನಾಗುತ್ತೆ ಅಂತ ಕೇಳಿದ್ದು ನಾನು."

"ಟ್ರಿಗರ್ ಮುಟ್ಟಿರ್ತಾನೆ. ಮುಟ್ಟಿ, ಈಗ ಪಿಸ್ತೂಲಿನ ಮೇಲೆ ಗೂಬೆ ಕೂರಿಸ್ತಿದ್ದಾನೆ."

ಅಲ್ಲ, ಆದರೂ... ಮೂತಿ ಕೆಳಗಾಗಿ ಬಿದ್ದರೆ ಒಳಗಿನ ಪಿನ್ನು ತನ್ನ ಭಾರಕ್ಕೇ ಮುಂದೆ ನುಗ್ಗುತ್ತೆ. ಹೋಗಿ ಗುಂಡಿನ ಹಿಂದಿರೋ ಕ್ಯಾಪಿಗೆ ಕುಟ್ಟಬಹುದು, ಕುಟ್ಟಿದರೆ ಗುಂಡು ಹಾರಿತು. ತಡೆಯೋದು ಒಂದೇ ಒಂದು ಸಣ್ಣ ಸ್ಪ್ರಿಂಗು. ಇಷ್ಟು ಪ್ರಸಿದ್ಧ ಪಿಸ್ತೂಲು, ಇಷ್ಟೇನಾ ಭದ್ರತೆ? ಹೊಸ ಮಾಡೆಲ್‌ಗಳಲ್ಲಿ ಬೇರೆ ತಡೆ ಇಟ್ಟಿದ್ದಾರೆ. ದೋಷ ಇಲ್ಲದಿದ್ದರೆ ಯಾಕೆ ಇಟ್ಟರು?

ಹಾಗಂದೆ. "ಹೊಸಬರಿಗೆ ಕೈ ನಡುಗುತ್ತೆ, ಅದಕ್ಕೆ" ಅಂದ. ತಟ್ಟೆ ಸರಿಸಿ ಎದ್ದೇ ಹೋದ.

ಮಾರ್ಚ್ ೮, ಶುಕ್ರವಾರ

ಮೀಸೆ ವರ್ಕ್‌ಶಾಪಿಗೆ ಬಂದಿದ್ದ. ಯೂನಿಫಾರ್ಮ್ ಇಲ್ಲದೆ ಯಾರೋ ಅನ್ನಿಸ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಕ್ಕಾ, ಟ್ರಿಗರ್ ಮುಟ್ಟಲಿಲ್ಲ ನಾನು. ಮಕ್ಕಳಾಣೆ. ಆದರೆ ಎಲ್ಲರೂ ಕೇಳಿ ಕೇಳಿ... ಈಗ ನನಗೇ ಅನುಮಾನ. ಮುಟ್ಟಿದೆನಾ?"

ನನ್ನನ್ನು ಕೇಳ್ತಾನೆ! ನನಗೆ ವಯಸ್ಸಿನಲ್ಲಿ ಅಣ್ಣನಾಗಬೇಕು, ಅಕ್ಕ ಅಂತಾನೆ. ನೀರು ಕೊಟ್ಟೆ. ಅಯ್ಯೋ ಅನ್ನಿಸಿ ಮಧ್ಯಾಹ್ನದವರೆಗೂ ಕೆಲಸ ಸಾಗಲಿಲ್ಲ.

ಮಾರ್ಚ್ ೧೨, ಮಂಗಳವಾರ

ಟೆಸ್ಟ್ ಮಾಡಿದೆ. ಮದ್ದಿಲ್ಲದ, ಬರೀ ಕ್ಯಾಪ್ ಇರೋ ಗುಂಡು ಹಾಕಿ, ಎದೆಮಟ್ಟದಿಂದ ಮೂತಿ ಕೆಳಗಾಗಿ ಬೀಳಿಸಿದ್ದು. ಮೀಸೆಯ ಪಿಸ್ತೂಲು — ಹನ್ನೆರಡು ಸಲದಲ್ಲಿ ನಾಲ್ಕು ಸಲ ಟಪ್. ಕಪಾಟಿನಿಂದ ಇನ್ನೆರಡು ತೆಗೆದೆ. ಒಂದಕ್ಕೆ ಮೂರು, ಇನ್ನೊಂದಕ್ಕೆ ಐದು.

ದೋಷ ಇದೆ! ಸಾಕ್ಷಿ ಸಮೇತ. ಮೀಸೆ ಬಚಾವ್. ಎಷ್ಟೋ ದಿನದ ಮೇಲೆ ಹಸಿವಾಯ್ತು.

ಮಾರ್ಚ್ ೧೩, ಬುಧವಾರ

ಪಕ್ಕದ ಆಯುಧ ಡಿಪೋದ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದೆ, ಜಂಬ ಕೊಚ್ಚಿಕೊಳ್ಳೋಕೆ. ಅವನೂ ಬೀಳಿಸಿ ನೋಡಿದನಂತೆ. ಅದೇ ಪಿಸ್ತೂಲು, ಅಷ್ಟೇ ಹಳೇದು. ಮೂವತ್ತು ಸಲಕ್ಕೆ ಒಂದೂ ಇಲ್ಲ.

"ನಿಮ್ಮ ಸ್ಪ್ರಿಂಗ್ ನೋಡ್ಕೊಳ್ಳಿ ಮೇಡಂ" ಅಂದ.

ನೋಡೋದೇನು. ನಾನೇ ಹಾಕಿದ್ದು. ಹೊಸ ಸ್ಪ್ರಿಂಗ್ ಬಂದಾಗೆಲ್ಲ ತುದಿಯಿಂದ ಒಂದು ಸುತ್ತು ಕತ್ತರಿಸಿ ಹಾಕೋದು ನಮ್ಮ ವರ್ಕ್‌ಶಾಪಿನ ಪದ್ಧತಿ. ಗಟ್ಟಿ ಸ್ಪ್ರಿಂಗ್ ಇದ್ದರೆ ಪಿನ್ನಿನ ಪೆಟ್ಟು ಸಾಲದೆ ಗುಂಡು ಹಾರೋದೇ ಇಲ್ಲ ಅಂತ. ಅಪ್ಪನ ಕಾಲದಲ್ಲಿ ಹಾಗಾಗಿ, ಕಳ್ಳರ ಎದುರು ಪಿಸ್ತೂಲು ಹಾರದೆ ಒಬ್ಬ ಗಾರ್ಡ್ ಸತ್ತಿದ್ದ. ಅದಕ್ಕೇ ಒಂದು ಸುತ್ತು. ನೂರಾ ನಲವತ್ತು ಪಿಸ್ತೂಲು. ಎಲ್ಲದಕ್ಕೂ ಈ ಕೈಯಲ್ಲೇ—

ಕತ್ತರಿಸದ ಸ್ಪ್ರಿಂಗ್ ಹಾಕಿ ಮೀಸೆಯದನ್ನು ಮತ್ತೆ ಬೀಳಿಸಿದೆ. ಮೂವತ್ತು ಸಲ. ಒಂದೂ ಇಲ್ಲ.

ಮಾರ್ಚ್ ೨೨, ಶುಕ್ರವಾರ

ಒಂಬತ್ತು ದಿನ ಈ ಪುಸ್ತಕ ಮುಟ್ಟಲಿಲ್ಲ. ತಲೆ ಕೆಟ್ಟು ಕೆರ ಹಿಡಿದಿದೆ.

ಹೀಗೂ ವಾದ ಮಾಡಬಹುದು: ಒಂದು ಸುತ್ತು ಕಡಿಮೆಯಾದ ಮಾತ್ರಕ್ಕೆ ಬಿದ್ದರೆ ಹಾರೋ ಪಿಸ್ತೂಲು ದೋಷದ್ದೇ ತಾನೆ? ಸುಳ್ಳಲ್ಲ. 'ವಿನ್ಯಾಸದ ದೋಷ' ಅಂತ ಎರಡು ಪದ ಬರೆದರೆ ಮೀಸೆ ಉಳೀತಾನೆ, ನಾನು ಉಳೀತೀನಿ, ಅಪ್ಪನ ಹೆಸರು ಉಳಿಯುತ್ತೆ. ಆದರೆ ನಿಜವೂ ಅಲ್ಲ. ನಾಳೆ ಹೊಸ ಪಿಸ್ತೂಲು ತರಿಸ್ತಾರೆ, ಅದರ ಸ್ಪ್ರಿಂಗಿಗೂ ಈ ಬೆಂಚಿನಲ್ಲಿ ಯಾರೋ ಕತ್ತರಿ ಹಾಕ್ತಾರೆ.

ಸಂಜೆ ಅಪ್ಪನ ಮುಂದೆ ಸ್ಪ್ರಿಂಗ್ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದ. ಕತ್ತರಿಸಿದ ತುದಿಯನ್ನು ಉಗುರಿನಿಂದ ಸವರಿದ.

"ಇದನ್ನೂ ಕತ್ತರಿಸಿದ್ದೀಯಾ?"

"ಎಲ್ಲದನ್ನೂ. ನೀನೇ ಹೇಳಿದ್ದಲ್ಲಪ್ಪಾ."

"ಆ ಒಂದು ಲಾಟಿಗೆ ಹೇಳಿದ್ದು ಕಣೇ. ಆ ಸಲ ಬಂದ ಗಟ್ಟಿ ಸ್ಪ್ರಿಂಗಿಗೆ. ಎಲ್ಲದಕ್ಕೂ ಅಂತ ಯಾವ ಹುಚ್ಚ ಹೇಳ್ತಾನೆ?"

ಹಾಗೆ ಹೇಳಿದ್ದನಾ? ನನಗೆ ನೆನಪಿರೋದು ಅಪ್ಪನ ಬೆರಳು, ಇಕ್ಕಳ, ಟಕ್ ಅಂದ ಸದ್ದು. "ಹೀಗೆ, ಒಂದು ಸುತ್ತು" ಅಂದದ್ದು. ಲಾಟು ಗೀಟು ಏನೂ ನೆನಪಿಲ್ಲ. ಅಪ್ಪನೇ ಮರೆತನಾ? ಜಾರಿಕೊಳ್ತಿದ್ದಾನಾ? ನನ್ನಪ್ಪ ಜಾರಿಕೊಳ್ಳೋ ಜಾತಿಯಲ್ಲ. ಹಾಗಂತ ನಾನು ಸುಳ್ಳಿಯಾ?

ಮೊದಲ ಸಲ ಅವನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದಿದ್ದಕ್ಕೆ ಅಳೂ ಬಂತು.

ಮಾರ್ಚ್ ೨೪, ಭಾನುವಾರ, ಬೆಳಿಗ್ಗೆ ೧೦

ನಾಳೆ ವಿಚಾರಣೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದು ನೋಡಿದೆ, ಹರಿದೆ. ಎರಡು ಸಲ.

ಅಪ್ಪ ತಿಂಡಿ ತಿನ್ನಲಿಲ್ಲ. ಈಗ ಬಂದು ಬಾಗಿಲಲ್ಲಿ ನಿಂತ.

"ನನ್ನ ಹೆಸರೇ ಬರಿ. ನನಗೇನು, ಆಗೋದೆಲ್ಲ ಆಗಿದೆ. ನಿನ್ನ ಕೆಲಸ ಉಳಿಯಲಿ."

"ಹಾಗಾದರೆ ಎಲ್ಲದಕ್ಕೂ ಅಂತ ಹೇಳಿದ್ದು ನಿಜವಾ?"

"ಬರಿ ಅಂದೆನಲ್ಲ."

"ನಿಜವಾ ಅಪ್ಪಾ?"

ತಿರುಗಿ ನಡೆದ. ಚಪ್ಪಲಿ ಮೆಟ್ಟಿ ಹೊರಗೆ ಹೋದ ಸದ್ದು.

ರಿಪೋರ್ಟಿಗೆ ಹಾಕೋ ಮುಂಚೆ ಇಲ್ಲೇ ಒಂದು ಸಲ ಬರೆದು ನೋಡ್ತೀನಿ.

ಗಾರ್ಡಿನ ತಪ್ಪಿಲ್ಲ. ಪಿಸ್ತೂಲಿನ ಸ್ಪ್ರಿಂಗ್ ಒಂದು ಸುತ್ತು ಗಿಡ್ಡವಾಗಿತ್ತು. ಅದನ್ನು ಕತ್ತರಿಸಿದವಳು ನಾನು. ಹಾಗೆ ಕತ್ತರಿಸಬೇಕೆಂದು ನನಗೆ ಹೇಳಿಕೊಟ್ಟವರು—