ಖಾಲಿ ಉಳಿದ ಸಾಲು

ಮಂಗಳವಾರ, ಹದಿನಾಲ್ಕು.

ಮಗಳ ಮೂರನೆಯ ಕೀಮೋ. ವಾಂತಿ ಇವತ್ತು ಕಡಿಮೆ. ತಲೆ ತಿಂದದ್ದು ಅಕ್ಕನ ಫೋನು. "ಏನಾದ್ರೂ ಬೇಕಿದ್ರೆ ಹೇಳೇ, ಸಂಕೋಚ ಪಡ್ಬೇಡ." ಮೂರು ತಿಂಗಳಿಂದ ಇದೇ ಬಾಯುಪಚಾರ. ಮೈಯೆಲ್ಲ ಉರಿದು, "ಏನೂ ಬೇಡ" ಎಂದು ಇಟ್ಟುಬಿಟ್ಟೆ.

ಪಕ್ಕದ ಹಾಸಿಗೆಯ ಹುಡುಗನ ಅಮ್ಮ ಕೇಳಿಸಿಕೊಂಡಳು. ಈ ಕ್ಯಾನ್ಸರ್ ವಾರ್ಡಿನಲ್ಲಿ ಆಕೆ ನನಗಿಂತ ಒಂದು ವರ್ಷ ಹಳಬಳು. ದಿಂಬಿನಡಿಯಿಂದ ಒಂದು ಹಾಳೆ ತೆಗೆದಳು.

"ಏನು ಮಾಡ್ಬೇಕು ಅಂತ ಅವರಿಗೂ ಗೊತ್ತಿರಲ್ಲ ಕಣ್ರೀ. ಕೆಲಸಗಳನ್ನ ಬರೆದಿಟ್ಕೊಳ್ಳಿ. ಯಾರು ಫೋನ್ ಮಾಡ್ತಾರೋ ಅವರಿಗೆ ಒಂದು ಓದಿ ಹೇಳಿ."

ಆಕೆಯ ಹಾಳೆಯಲ್ಲಿ ಬಟ್ಟೆ ಒಗೆಯಲು ಅತ್ತಿಗೆ, ದೊಡ್ಡವಳನ್ನು ಶಾಲೆಯಿಂದ ಕರೆತರಲು ಮೈದುನ, ಔಷಧಿ ತರಲು ಎದುರುಮನೆ ಮೇಷ್ಟ್ರು.

ಒಲ್ಲದ ಮನಸ್ಸಿನಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ಮನೇಲಿ ನಮ್ಮ ಚಿಕ್ಕವನ ಶಾಲೆ ಪ್ಯಾಂಟು ಗಿಡ್ಡ ಆಗಿದೆಯಂತೆ. ಮಡಿಕೆ ಬಿಚ್ಚಿ ಹೊಲಿದು ಕೊಡ್ತೀಯಾ?"

"ಅಷ್ಟೇನಾ? ಈಗ್ಲೇ ಹೋಗ್ತೀನಿ," ಅಂದಳು. ಫೋನ್ ಇಡುವ ಮೊದಲೇ ಸೂಜಿದಾರದ ಡಬ್ಬಿ ತೆರೆದ ಸದ್ದು ಕೇಳಿಸಿತು. ಮೂರು ತಿಂಗಳು ಅವಳನ್ನು ಸುಮ್ಮನೆ ಬಾಗಿಲಲ್ಲಿ ನಿಲ್ಲಿಸಿದ್ದೆ, ನಾನು.

ಹಾಳೆ ಹಿಂದಿರುಗಿಸುವಾಗ ಕೊನೆಯ ಸಾಲು ಕಂಡಿತು. "ಮಗುವಿನ ಬೆನ್ನಿಗೆ ಸೂಜಿ ಚುಚ್ಚುವ ದಿನ ಹೊರಗೆ ನನ್ನ ಜೊತೆ ಕೂರುವುದು." ಅದರ ಮುಂದೆ ಯಾರ ಹೆಸರೂ ಇಲ್ಲ.

"ಇದು?"

"ಅದನ್ನ ಯಾರಿಗೂ ಓದಿ ಹೇಳೋಕೆ ಬಾಯಿ ಬರಲಿಲ್ಲ."

ನನಗೆ ಪಾಠ ಹೇಳಲು ಮಾತ್ರ ಆಕೆಗೆ ಬಾಯಿ ಇತ್ತು! ಪೆನ್ನು ಇಸಿದುಕೊಂಡು ನನ್ನ ಹೆಸರು ಬರೆದೆ.

ಸೂಜಿ ನಾಳೆ ಬೆಳಿಗ್ಗೆ ಒಂಬತ್ತಕ್ಕಂತೆ. ಅಷ್ಟರೊಳಗೆ ನನ್ನ ಮಗಳ ತಿಂಡಿ ಮುಗಿಸಬೇಕು. ಅಲ್ಲಿ ಏನು ಮಾತಾಡುವುದೋ ಗೊತ್ತಿಲ್ಲ. ಕೂರುವುದು ಎಂದಷ್ಟೇ ತಾನೇ ಬರೆದಿರುವುದು.