ಬಲಕ್ಕೆ ಅನ್ನ, ಎಡಕ್ಕೆ ಸಾರು

ಜನವರಿ 12, 1998. ಸೋಮವಾರ

ಚಿನ್ನದಂಚಿನ ತಟ್ಟೆಗಳನ್ನು ಇವತ್ತೂ ಒರೆಸಿದ್ದಾಯಿತು. ಯಾರೂ ಉಣ್ಣದ ತಟ್ಟೆಗೆ ಧೂಳು ಎಲ್ಲಿಂದ ಬರುತ್ತದೋ... ಒರೆಸಿ, ಕಾಗದ ಸುತ್ತಿ, ಪೆಟ್ಟಿಗೆಯೊಳಗೆ ಕೂಸಿನ ಹಾಗೆ ಮಲಗಿಸಿ, ಬೀಗ.

ನಮ್ಮ ಪ್ರಾಂತ್ಯದ ಗವರ್ನರರ ಹೆಂಡತಿ ಹೋದ ವಸಂತದಲ್ಲಿ ಹೇಳಿ ಮಾಡಿಸಿದ್ದು. ಆಗ ದೇಶದ ಕೈಯಲ್ಲಿ ದುಡ್ಡಿತ್ತು, ಅಥವಾ ಇದೆ ಅಂದುಕೊಂಡಿದ್ದೆವು. ತಟ್ಟೆ ಬಂದಿಳಿದ ವಾರವೇ ದೇಶ ಐಎಂಎಫ್ ಬಾಗಿಲಲ್ಲಿ ಕೈಯೊಡ್ಡಿ ನಿಂತಿತು. ಪಾಪ, ತಟ್ಟೆಗಳದ್ದೇನೂ ತಪ್ಪಿಲ್ಲ. ಹುಟ್ಟಿದ ಗಳಿಗೆ ಸರಿಯಿರಲಿಲ್ಲ.

ಪತ್ರಿಕೆಯವರು ವಾಸನೆ ಹಿಡಿದೇಬಿಟ್ಟರು. 'ಊರವರ ಚಿನ್ನ ಬ್ಯಾಂಕಿಗೆ, ಗವರ್ನರರ ಚಿನ್ನ ತಟ್ಟೆಗೆ.' ಚೆನ್ನಾಗಿ ಬರೆದಿದ್ದಾನೆ, ಯಾರೋ. ಬ್ಯಾಂಕಿನ ಮುಂದೆ ದಿನಾ ಸಾಲು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂದ ಪುಟ್ಟ ಉಂಗುರ, ಎಲ್ಲ ನಮ್ಮ ದೇಶದ ಸಾಲ ತೀರಿಸಲು. ಆ ಸಾಲಿನಲ್ಲಿ ಹೋಗಿ ನಿಲ್ಲಲು ನಮ್ಮ ತಟ್ಟೆಗಳಿಗೆ ಕಾಲಿಲ್ಲ.

ಪೆಟ್ಟಿಗೆ ಎತ್ತಿಡುವಾಗ ಗಿಲ್ಸು ಹಲ್ಲು ಕಡಿಯುತ್ತಿದ್ದ. ಬಡಿಸುವ ಕೆಲಸದಲ್ಲಿ ನನ್ನ ಕೈಕೆಳಗೆ ಇಷ್ಟು ವರ್ಷ ಇದ್ದಾನೆ, ಒಂದು ಬಟ್ಟಲು ಒಡೆದವನಲ್ಲ. ಅವನ ಅಣ್ಣ ಮಾನ್ಸು ಲಾರಿ ಕಾರ್ಖಾನೆಯ ಸಂಘದವನು. ಕಾರ್ಖಾನೆ ಮುಚ್ಚಿದೆ. ತಟ್ಟೆಯ ಸುದ್ದಿ ಅಚ್ಚಾದ ದಿನದಿಂದ ಅಣ್ಣನಿಗೆ ತಮ್ಮನ ಹತ್ತಿರ ಮಾತಿಲ್ಲ.

"ಏನಂದ ಕೊನೇ ಸಲ?" ಕೇಳಿದೆ.

"ಆ ತಟ್ಟೆ ಒರೆಸೋ ಕೈಯಿಂದ ನನಗೆ ಸೋಜು ಹೆಂಡ ಬಗ್ಗಿಸಬೇಡ ಅಂದ, ಅಕ್ಕಾ."

ಜನವರಿ 19. ಸೋಮವಾರ

ಸೆಕ್ರೆಟರಿ ತಾಕ್ ಅವರಿಗೆ ಯೋಚನೆ ಹೊಳೆದಿದೆ. ಅವರಿಗೆ ಯೋಚನೆ ಹೊಳೆದ ದಿನ ನಮಗೆಲ್ಲ ಸೊಂಟ ನೋವು.

"ಬೊಕ್ ಅವ್ರೇ, ಅಟ್ಟದ ಮೇಲಿನ ಕಂಚು ಇಳಿಸಿ. ಶುಕ್ರವಾರ ಸಂಘದೋರು ಊಟಕ್ಕೆ ಬರ್ತಾರೆ. ಪತ್ರಿಕೆಯೋರೂ."

"ಕಂಚಿನ ಬಟ್ಟಲಲ್ಲಿ ಈಗ ಯಾರ್ ಉಣ್ತಾರೆ ಸಾರ್? ಎಲ್ರ ಮನೇಲೂ ಸ್ಟೀಲು. ಕಂಚು ಹೊರಗೆ ಬರೋದು ಸತ್ತೋರಿಗೆ ಎಡೆ ಇಡೋವಾಗ."

"ಅದೇ ಬೇಕಾಗಿರೋದು! ಹಿರಿಯರ ಪಾತ್ರೆ. ಸರಳ ಊಟ. ಫೋಟೊದಲ್ಲಿ ಹೊಳೆಯತ್ತೆ, ಆದ್ರೆ ಚಿನ್ನ ಅನ್ನೋ ಹಾಗಿಲ್ಲ."

ಈ ಮನುಷ್ಯ ಸಂಬಳ ಸುಮ್ಮನೆ ತಗೊಳ್ಳುವುದಿಲ್ಲ.

ಜನವರಿ 21. ಬುಧವಾರ

ಹಗಲೆಲ್ಲ ಹಂಚಿನ ಪುಡಿ, ಹುಲ್ಲಿನ ಸಿಂಬೆ, ಗವರ್ನರರ ಕಂಚು. ಸಂಜೆ ಮನೆಗೆ ಬಂದು ಅದೇ ಪುಡಿ, ಅದೇ ಸಿಂಬೆ, ನಮ್ಮ ಮನೆಯ ಕಂಚು. ಇವತ್ತು ನಮ್ಮ ಯಜಮಾನರ ತಿಥಿ. ಎಡೆ ಇಟ್ಟೆ. ಅನ್ನ, ಸಾರು, ಒಣಮೀನು, ಪೇರು. ಬದುಕಿದ್ದಾಗ ಸಾರಿಗೆ ಉಪ್ಪಿಲ್ಲ ಅನ್ನುತ್ತಿದ್ದರು. ಈಗ ಏನೂ ಅನ್ನುವುದಿಲ್ಲ. ಉಪ್ಪು ಸ್ವಲ್ಪ ಜಾಸ್ತಿಯೇ ಹಾಕಿದೆ.

ಜನವರಿ 23. ಶುಕ್ರವಾರ

ಊಟ ಮುಗಿಯಿತು. ಕ್ಯಾಮೆರಾಗಳು ಫಳ್ ಫಳ್. ಸಂಘದವರು ಕಲ್ಲಿನ ಹಾಗೆ ಕೂತಿದ್ದರು. ಮಾನ್ಸುವೂ ಬಂದಿದ್ದ, ತಮ್ಮನ ಕಡೆ ತಿರುಗಲಿಲ್ಲ. ಪದ್ಧತಿಯಂತೆ ಗವರ್ನರರ ಜಾಗ ನಾನೇ ಹೊಂದಿಸಿದ್ದು, ಉಳಿದವರದ್ದು ಗಿಲ್ಸು. ಬಟ್ಟಲುಗಳ ಮೇಲೆ ನನ್ನ ಕೈ ತಾನಾಗಿ ಓಡಾಡಿತು. ಈ ವಯಸ್ಸಿನಲ್ಲೂ ಪರವಾಗಿಲ್ಲ ಅಂತ ಒಳಗೊಳಗೆ ಹೆಮ್ಮೆ.

ಗವರ್ನರ್ ಕೂತವರು ಒಂದು ಗಳಿಗೆ ಬಟ್ಟಲು ನೋಡಿದರು. ಕೈ ಎತ್ತಿದರು. ಇಳಿಸಿದರು. ಆಮೇಲೆ ಉಂಡರು, ಒಂದಗುಳು ಬಿಡದೆ.

ಸದ್ಯ, ಹಸಿದಿದ್ದರು ಪಾಪ.

ಜನವರಿ 24. ಶನಿವಾರ, ಬೆಳಿಗ್ಗೆ

ಬೆಳಕು ಹರಿಯುವ ಮೊದಲೇ ಫೋನು. ಹಳ್ಳಿಯಿಂದ ಗವರ್ನರರ ತಾಯಿ. ನಾನೇ ಎತ್ತಿದೆ.

"ನನ್ ಮಗ ಬದುಕಿದಾನಾ?"

"ಬದುಕಿದಾರೆ ಅಮ್ಮಾ. ಮಲಗಿದಾರೆ."

"ಮತ್ತೆ ಪೇಪರಲ್ಲಿ ಯಾಕೆ ಸತ್ತೋರ ಊಟ ಮಾಡ್ತಿದಾನೆ?"

ಪೇಪರು ತೆಗೆದು ನೋಡಿದೆ. ಮೊದಲ ಪುಟ. ಗವರ್ನರ್ ನಗುತ್ತಿದ್ದಾರೆ. ಕಂಚು ಸೊಗಸಾಗಿ ಹೊಳೆಯುತ್ತಿದೆ. ಅನ್ನ ಅವರ ಬಲಕ್ಕೆ. ಸಾರು ಎಡಕ್ಕೆ.

ಬದುಕಿದವರಿಗೆ ಅನ್ನ ಎಡಕ್ಕೆ, ಸಾರು ಬಲಕ್ಕೆ. ಸತ್ತವರಿಗೆ ಅದೇ ತಿರುಗಾಮುರುಗಾ. ಇದನ್ನು ತಿಳಿಯದ ಮುದುಕಿ ಈ ದೇಶದಲ್ಲಿಲ್ಲ. ಕಂಚು ಮುಟ್ಟಿದರೆ ನನ್ನ ಕೈ ಈಗ ಒಬ್ಬರಿಗೇ ಬಡಿಸುತ್ತದೆ. ನಮ್ಮ ಯಜಮಾನರಿಗೇ ಬಡಿಸಿಬಿಟ್ಟಿದೆ.

ಅದೇ ದಿನ, ಸಂಜೆ

ಫೋನು ನಿಂತಿಲ್ಲ. ಪ್ರಾಂತ್ಯದ ಅಜ್ಜಿಯರೆಲ್ಲ ಎದ್ದು ಕೂತಿದ್ದಾರೆ. ಕಾರ್ಖಾನೆಯ ಗೇಟಿನಲ್ಲಂತೂ ಹಬ್ಬವಂತೆ: ಯಾರೋ ಗಂಡಸು ಗವರ್ನರಿಗೆ ಬದುಕಿರುವಾಗಲೇ ಎಡೆ ಇಟ್ಟ!

ತಾಕ್ ಅವರಿಗೆ ಕಳ್ಳ ಸಿಕ್ಕಿಬಿಟ್ಟಿದ್ದಾನೆ. "ಮಾನ್ಸುನ ತಮ್ಮ ನಮ್ಮ ಅಡುಗೆಮನೇಲೇ ಇದಾನೆ! ಇದು ಪ್ರತಿಭಟನೆ. ಗಿಲ್ಸೂ, ನಡಿ ಮನೆಗೆ."

"ಸಾರ್, ಆ ಜಾಗ ಹೊಂದಿಸಿದ್ದು—" ನಾನು ಬಾಯಿ ತೆರೆದೆ.

"ಬೊಕ್ ಅವ್ರೇ, ಅವನನ್ನ ಕಾಪಾಡೋಕೆ ನೋಡ್ಬೇಡಿ. ಇಷ್ಟು ವರ್ಷ ಕೆಲಸ ಮಾಡಿದ ನಿಮ್ಮಂಥೋರು ಇಂಥ ತಪ್ಪು ಮಾಡ್ತಾರಾ?"

ಹೊಗಳಿಯೇ ಬಾಯಿ ಮುಚ್ಚಿಸಿದರು. ಗಿಲ್ಸು ಏಪ್ರನ್ ಬಿಚ್ಚಿ ಮಡಿಸಿಟ್ಟು ಹೋದ. ಅವನಿಗೆ ಗೊತ್ತು, ಇಟ್ಟವಳು ನಾನು ಅಂತ.

ಜನವರಿ 29. ಗುರುವಾರ

ನಿನ್ನೆ ಚಾಂದ್ರಮಾನ ಹೊಸವರ್ಷದ ಹಬ್ಬ ಹೋಯಿತು. ಹೇಗೆ ಹೋಯಿತೋ ಬರೆಯಲು ಮನಸ್ಸಿಲ್ಲ. ಇವತ್ತು ಗಿಲ್ಸುವಿನ ಮನೆಗೆ ಹೋದೆ. ಅಳುತ್ತಿರುತ್ತಾನೆ ಅಂತ ಕರವಸ್ತ್ರ ಕೂಡ ತಗೊಂಡು ಹೋಗಿದ್ದೆ. ಬಾಗಿಲು ತೆಗೆದವನ ಮುಖ ದೀಪ.

"ಅಕ್ಕಾ! ಅಣ್ಣ ಬಂದಿದ್ದ! ಹಬ್ಬದ ದಿನ ಅವನೇ ಬಂದು ನನಗೆ ಸೋಜು ಬಗ್ಗಿಸಿದ. 'ಲೋ, ನಿನಗೂ ಬೆನ್ನುಮೂಳೆ ಇದೆಯಲ್ಲೋ' ಅಂದ."

"ನಾಳೆ ಹೋಗಿ ಹೇಳ್ತೀನಿ ಗಿಲ್ಸು. ನಾನೇ ಇಟ್ಟದ್ದು ಅಂತ."

ಮುಖ ಆರಿತು. "ಬೇಡ ಅಕ್ಕಾ. ನಿಮಗೆ ಕೈಮುಗೀತೀನಿ."

"ಕೆಲಸ?"

"ಬೇರೆ ಸಿಗತ್ತೆ."

"ಈ ವರ್ಷ? ಎಲ್ಲಿ?"

ಅವನ ಹೆಂಡತಿ ಮಕ್ಕಳ ಕಾಲುಚೀಲ ಹೊಲಿಯುತ್ತಾ ಕೂತಿದ್ದಳು. ತಲೆ ಎತ್ತದೆ ಅಂದಳು: "ಅಣ್ಣನ ಪ್ರೀತೀಲಿ ಅನ್ನ ಬೇಯಲ್ಲ. ಯಾರಾದ್ರೂ ಇವರಿಗೆ ಹೇಳಿ."

ಹೇಳಿದರೆ ಅಣ್ಣ ಹೋಗುತ್ತಾನೆ. ಹೇಳದಿದ್ದರೆ ಅನ್ನ ಹೋಗುತ್ತದೆ. ಬುದ್ಧಿವಂತರು ಯಾರಾದರೂ ಇಂಥದ್ದಕ್ಕೆ ದಾರಿ ಬರೆದಿಟ್ಟಿದ್ದಾರೆಯೇ... ನಮ್ಮ ತಾಕ್ ಬಿಟ್ಟರೆ ಬುದ್ಧಿವಂತರ ಪರಿಚಯ ನನಗಿಲ್ಲ.

ಫೆಬ್ರವರಿ 2. ಸೋಮವಾರ

ಹೇಳಿದೆ. ತಾಕ್ ಅವರಿಗಲ್ಲ, ನೇರ ಗವರ್ನರಿಗೆ. ಊಟದ ಕೋಣೆಯಲ್ಲಿ ಒಬ್ಬರೇ ಇದ್ದರು. ಪೆಟ್ಟಿಗೆಗಳ ಮುಂದೆ ನಿಂತಿದ್ದರು.

"ಇದನ್ನ ಏನ್ ಮಾಡೋದು ಬೊಕ್ ಅವ್ರೇ? ಮಾರಿದ್ರೂ ಸುದ್ದಿ, ಒಡೆದ್ರೂ ಸುದ್ದಿ, ಇಟ್ಕೊಂಡ್ರೂ ಸುದ್ದಿ."

"ಆವತ್ತು ನಿಮಗೆ ಹಾಗೆ ಬಡಿಸಿದ್ದು ನಾನು."

ತಿರುಗಿ ನೋಡಿದರು. "ನೀವು? ಬೇಕೂಂತ?"

"ಇಲ್ಲ. ಹಿಂದಿನ ದಿನವಲ್ಲ, ಅದರ ಹಿಂದಿನ ದಿನ ನಮ್ಮ ಯಜಮಾನರ ತಿಥಿ. ಕೈ ಅಲ್ಲೇ ಉಳಿದಿತ್ತು."

ಕುರ್ಚಿ ಎಳೆದು ಕೂತರು. "ನಾನು ಕೂತ ತಕ್ಷಣ ನೋಡ್ದೆ. ಸರಿ ಮಾಡೋಣ ಅಂತ ಕೈ ಎತ್ತಿದೆ. ಎದುರಿಗೆ ಅವರೆಲ್ಲ ಕೂತಿದ್ರಲ್ಲ, ಕೆಲಸ ಹೋದೋರು. ಇವರೇ ಹೇಳಿಸಿ ಇಡಿಸಿದಾರೆ ಅಂದ್ಕೊಂಡೆ. ಇಡಿಸೋ ಹಕ್ಕು ಅವರಿಗಿದೆ ಅನ್ನಿಸ್ತು. ತಿಂದೆ."

ಅವರು ಬಟ್ಟಲು ಖಾಲಿ ಮಾಡಿದ್ದು ಹಸಿವಿಗೆ ಅಂದುಕೊಂಡಿದ್ದೆನಲ್ಲ.

ತೀರ್ಪು ಹೀಗೆ. ಗಿಲ್ಸು ನಾಳೆಯಿಂದ ಕೆಲಸಕ್ಕೆ. ನಾನು ಈ ತಿಂಗಳ ಕೊನೆಗೆ ಮನೆಗೆ. ಯಾರಾದರೊಬ್ಬರು ಹೋಗದಿದ್ದರೆ ತಾಕ್ ಬಿಡುವುದಿಲ್ಲವಂತೆ. ಹೊರಗೆ ಯಾರೂ ಏನೂ ಹೇಳಕೂಡದು. ಒಪ್ಪಿದೆ. ಬಗ್ಗಿ ನಮಸ್ಕರಿಸಿ ಹೊರಟಾಗ ಕೇಳಿದರು, "ಹೇಗಿದ್ರು, ನಿಮ್ಮ ಯಜಮಾನ್ರು?"

"ಉಪ್ಪು ಜಾಸ್ತಿ ತಿಂತಿದ್ರು," ಅಂದೆ.

ಫೆಬ್ರವರಿ 3. ಮಂಗಳವಾರ

ಗಿಲ್ಸು ಕೆಲಸಕ್ಕೆ ಬರಲಿಲ್ಲ. ಹುಡುಕಿಕೊಂಡು ಕಾರ್ಖಾನೆಯ ಗೇಟಿಗೆ ಹೋದೆ. ಡ್ರಮ್ಮುಗಳಲ್ಲಿ ಬೆಂಕಿ, ಸುತ್ತ ಗಂಡಸರು. ಮಾನ್ಸು ದೊಡ್ಡ ಹಂಡೆಯಿಂದ ಎಲ್ಲರಿಗೂ ಸಾರು ಬಡಿಸುತ್ತಿದ್ದ. ಗಿಲ್ಸು ಪಕ್ಕದಲ್ಲಿ ಬಟ್ಟಲು ಹಿಡಿದು ಕೂತಿದ್ದ, ಮುಖ ನೆಲಕ್ಕೆ.

ಮಾನ್ಸು ನನ್ನನ್ನು ಗುರುತು ಹಿಡಿದ. ಸೌಟು ಕೆಳಗಿಡಲಿಲ್ಲ.

"ಇವನನ್ನ ವಾಪಸ್ ಕರೆದ್ರಂತೆ. ಗವರ್ನರಿಗೆ ಎಡೆ ಇಟ್ಟೋನನ್ನ ಯಾಕೆ ಕರೀತಾರೆ ಅಕ್ಕಾ? ನಿಜ ಹೇಳಿ. ಇವನೇ ಇಟ್ಟಿದ್ದಾ?"

ಗಿಲ್ಸುವಿನ ಕಿವಿ ಕೆಂಪು.

"ಇವನೇ," ಅಂದೆ. "ನಾನು ಪಕ್ಕದಲ್ಲೇ ನಿಂತಿದ್ದೆ. ಲೋ ಉಲ್ಟಾ ಆಯ್ತು ಅಂದೆ. ಗೊತ್ತು ಅಂದ. ಬಟ್ಟಲನ್ನ ಇನ್ನೂ ಬಲಕ್ಕೆ ತಳ್ಳಿದ."

"ಮತ್ತೆ ಕರೆದಿದ್ದು?"

"ಗವರ್ನರಿಗೆ ಅರ್ಥ ಆಯ್ತು. ಅದಕ್ಕೇ ಒಂದಗುಳು ಬಿಡದೆ ತಿಂದ್ರು. ಅದಕ್ಕೇ ಕರೆದ್ರು."

ಇದರಲ್ಲಿ ಅರ್ಧ ನಿಜ. ಯಾವ ಅರ್ಧ ಅಂತ ಯಾರೂ ಕೇಳಲಿಲ್ಲ.

ಮಾನ್ಸು ತಮ್ಮನನ್ನು ನೋಡಿದ. "ಚಿಕ್ಕೋನಿದ್ದಾಗ ಇವನು ಕೋಳಿ ಕಂಡ್ರೂ ನನ್ನ ಬೆನ್ನ ಹಿಂದೆ ಅಡಗ್ತಿದ್ದ ಅಕ್ಕಾ. ಈ ಪುಕ್ಕಲ..." ಮುಂದೆ ಬರಲಿಲ್ಲ. ತೋಳಿನಿಂದ ಕಣ್ಣೊರೆಸಿ, ಹಾಳು ಹೊಗೆ, ಅಂದ. "ನಾಳೆ ಕೆಲಸಕ್ಕೆ ಹೋಗು. ತಲೆ ಎತ್ಕೊಂಡು ಹೋಗು." ಅವನ ಬಟ್ಟಲಿಗೆ ಇನ್ನೊಂದು ಸೌಟು ಸುರಿದ.

ಗಿಲ್ಸು ಸಾರು ಮುಟ್ಟಲಿಲ್ಲ. ನನ್ನನ್ನು ನೋಡಿದ, ಅಣ್ಣನನ್ನು ನೋಡಿದ. "ಅಣ್ಣಾ, ಅದು..." ಅಂತ ಶುರುಮಾಡಿದ. ನಾನು ಅವನ ಕಾಲು ತುಳಿದೆ. ಗಟ್ಟಿಯಾಗಿಯೇ. ಅವನು ಬಟ್ಟಲೆತ್ತಿ ಸಾರು ಕುಡಿದ.