ಜೋಡಿ ಸೈಕಲ್‌ನ ಹಿಂದಿನ ಸೀಟು

ಓಬನ್
ಮೇ ೧೮, ಶನಿವಾರ

ಪ್ರೀತಿಯ ಮುರ್ಡೀನಾ ಅಕ್ಕ,

ಸಂಜೆ ಆರು ಗಂಟೆ. ಸೈಕಲ್ ಕ್ಲಬ್ಬಿನವರು ಈಗಷ್ಟೇ ಎದ್ದು ಹೋದರು. ಬೆಳಿಗ್ಗೆ ನಾಳೆಯ ಅಡುಗೆಗೆ ಆಲೂಗಡ್ಡೆ ಸಿಪ್ಪೆ ತೆಗೆದಿಟ್ಟೆ, ಮಧ್ಯಾಹ್ನ ಅವರಿಗಾಗಿ ಸ್ಕೋನ್ ಬನ್ನು ಮಾಡಿದೆ, ಈಗ ಮೇಜು ಒರೆಸಿ ಕುಳಿತಿದ್ದೇನೆ. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆದಿಲ್ಲ, ಗೊತ್ತು. ನನ್ನ ಫರ್ಕರ್ ತೀರಿಹೋದ ಮೇಲೆ ಪೆನ್ನು ಹಿಡಿದರೆ ಅವನ ಹೆಸರೇ ಮೊದಲು ಬರುತ್ತದೆ. ಅದಕ್ಕೇ ಹಿಡಿಯುತ್ತಿರಲಿಲ್ಲ. ಕೋಪ ಮಾಡಿಕೊಳ್ಳಬೇಡ.

ಮೊದಲು ನಿನ್ನ ತಲೆಯ ಮೇಲೆ ಬರಲಿರುವ ಸುದ್ದಿ. ಜೂನ್‌ನಲ್ಲಿ ಕ್ಲಬ್ಬಿನ ಹನ್ನೆರಡು ಜನ ಬಾರಾದಿಂದ ಹೊರಟು, ದ್ವೀಪದಿಂದ ದ್ವೀಪಕ್ಕೆ ಸೈಕಲ್ ತುಳಿಯುತ್ತಾ, ಲೂಯಿಸ್‌ನ ತುದಿಯಲ್ಲಿರುವ ನಿನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಅದೂ ಭಾನುವಾರ.

"ಇಶ್ಬೆಲ್‌ನ ಅಕ್ಕ ಅಲ್ಲೇ ಇದ್ದಾಳಲ್ಲ, ಬಿಸಿ ಸೂಪ್ ಮಾಡಿಡ್ತಾಳೆ ಬಿಡಿ," ಎಂದ ಡೂಗಲ್. ಫರ್ಕರ್ ಜಾಗಕ್ಕೆ ಬಂದ ಹೊಸ ಅಧ್ಯಕ್ಷ ಇವನು.

"ಭಾನುವಾರ ಅವಳು ಚರ್ಚಿಗೆ ಹೋಗ್ತಾಳೆ. ಆ ಊರಲ್ಲಿ ಅವತ್ತು ಯಾರೂ ಕೆಲಸ ಮಾಡಲ್ಲ, ಬಟ್ಟೆ ಕೂಡ ಒಣಗಹಾಕಲ್ಲ," ಎಂದೆ.

"ನಾವೇನು ಬಟ್ಟೆ ಒಗೆಯೋಕೆ ಹೋಗ್ತಿದ್ದೀವಾ ತಾಯಿ?"

ಎಲ್ಲರೂ ನಕ್ಕರು. ಫರ್ಕರ್ ಗ್ಲಾಸ್ಗೋದವನು, ದೇವರ ಗೊಡವೆ ಅವನಿಗೂ ಇರಲಿಲ್ಲ. ಆದರೂ ಭಾನುವಾರ ನಿನ್ನ ಕೊಟ್ಟಿಗೆಯಲ್ಲಿ ಸೈಕಲ್‌ಗೆ ಹಳೇ ಚಾದರ ಹೊದಿಸಿ, "ಇದೂ ಮಲಗಲಿ, ಮುರ್ಡೀನಾ ಬೈತಾಳೆ," ಎನ್ನುತ್ತಿದ್ದನಲ್ಲ, ನೆನಪಿದೆಯಾ?

ಈ ಪ್ರವಾಸಕ್ಕೆ 'ಫರ್ಕರ್ ನೆನಪಿನ ಸವಾರಿ' ಎಂದು ಹೆಸರಿಟ್ಟಿದ್ದಾರೆ. ಹಳದಿ ಅಂಗಿಗಳನ್ನೂ ಹೊಲಿಸಿದ್ದಾರೆ, ಬೆನ್ನ ಮೇಲೆ ಅವನ ಮುಖ. ಹನ್ನೆರಡು ಬೆವರಿದ ಬೆನ್ನುಗಳ ಮೇಲೆ ನನ್ನ ಗಂಡ! ಡೂಗಲ್‌ನ ಹೊಸ ಗೆಳತಿ ಲಿಂಡ್ಸೆ ಅಂಗಿಯನ್ನು ಹಿಡಿದು ನೋಡಿ, "ಸ್ವಲ್ಪ ನಗ್ತಾ ಇರೋ ಫೋಟೋ ಸಿಗಲಿಲ್ವಾ?" ಎಂದಳು. ಡೂಗಲ್ ಬೆಣ್ಣೆ ಹತ್ತಿದ ಹೆಬ್ಬೆರಳನ್ನು ನಕ್ಷೆಯ ಮೇಲೆ ಊರಿ ದಾರಿ ತೋರಿಸಿದ. ಹ್ಯಾರಿಸ್ ದ್ವೀಪ ಪೂರ್ತಿ ಜಿಡ್ಡಾಯಿತು. ಅದು ಫರ್ಕರ್‌ನ ನಕ್ಷೆ. ಎದ್ದು ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ. ಅಕ್ಕ, ಅಷ್ಟು ಹೇಸಿಗೆ ನನಗೆ ಸಾವಿನ ಮನೆಯಲ್ಲೂ ಆಗಿರಲಿಲ್ಲ.

ವಾಪಸ್ ಬಂದಾಗ ಮಾತು ನಾನೂ ಫರ್ಕರೂ ಒಟ್ಟಿಗೆ ತುಳಿಯುತ್ತಿದ್ದ ಜೋಡಿ ಸೈಕಲ್‌ಗೆ ಬಂದಿತ್ತು.

"ಅದು ಶೆಡ್‌ನಲ್ಲಿ ತುಕ್ಕು ಹಿಡೀಬಾರದು ಇಶ್ಬೆಲ್," ಎಂದ ಡೂಗಲ್. "ನಾನು ಮುಂದೆ, ಲಿಂಡ್ಸೆ ಹಿಂದೆ. ಫರ್ಕರ್ ಖುಷಿ ಪಡ್ತಾನೆ."

"ಹಿಂದೆ ಕೂತ್ರೆ ತುಳೀಲೇಬೇಕು ಅಂತೇನಿಲ್ಲ, ಅಲ್ವಾ?" ಎಂದಳು ಅವಳು.

"ಇಶ್ಬೆಲ್‌ನ ಕೇಳು. ಇಪ್ಪತ್ತು ವರ್ಷ ಬಿಟ್ಟಿ ಸವಾರಿ ಮಾಡಿದ್ದಾಳೆ!"

ಈ ತಮಾಷೆ ನನಗೆ ಹೊಸದಲ್ಲ. ಪ್ರತಿ ಊರಿನಲ್ಲೂ ಯಾರಾದರೊಬ್ಬರು, "ಹಿಂದಿನವಳು ತುಳೀತಾ ಇಲ್ಲ ಕಣೋ!" ಎಂದು ಕೂಗುತ್ತಿದ್ದರು. ಆಗ ಫರ್ಕರ್ ತಿರುಗಿ ನೋಡದೆ, "ಅವಳು ಪೆಡಲಿಂದ ಕಾಲೆತ್ತಿದರೆ ನಾನು ಈ ದಿಣ್ಣೆ ಹತ್ತೋದೇ ಇಲ್ಲ," ಎನ್ನುತ್ತಿದ್ದ. ಇವತ್ತು ಹಾಗೆ ಹೇಳಲು ಯಾರೂ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಡೂಗಲ್ ನನ್ನ ಭುಜ ತಟ್ಟಿದ. ನಾಳೆ ಹತ್ತು ಗಂಟೆಗೆ ಬಂದು ಸೈಕಲ್ ಒಯ್ಯುತ್ತಾನಂತೆ.

ಅವರು ಬಂದ ದಿನ ನೀನು ಬಾಗಿಲು ಹಾಕಿಕೊಂಡು ಚರ್ಚಿಗೆ ಹೋಗು. ಸೂಪ್ ಇಡಬೇಡ. ಹೊರಗಿನ ನಲ್ಲಿಯಲ್ಲಿ ನೀರಿದೆ, ಕುಡಿಯಲಿ. ನಿನ್ನ ಮಂಡಿನೋವು ಇಳಿಯಲಿ, ಈ ಸಲದ ಕುರಿಮರಿಗಳೆಲ್ಲ ಗಟ್ಟಿಯಾಗಿ ಬೆಳೆಯಲಿ. ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಹೆಸರನ್ನೂ ಸೇರಿಸಿಕೋ.

ನಿನ್ನ ತಂಗಿ
ಇಶ್ಬೆಲ್

ಮತ್ತೊಂದು ಮಾತು: ಚಳಿಗಾಲದಿಂದ ನನ್ನ ಮೇಜಿನ ಮೇಲೇ ನಕ್ಷೆ ಹರಡಿಕೊಂಡು ಕೂತರು. ಯಾವ ದೋಣಿ, ಯಾರು ಎಲ್ಲಿ ಮಲಗುವುದು, ಯಾರಿಗೆ ಮೊಟ್ಟೆ ಆಗುವುದಿಲ್ಲ, ಎಲ್ಲ ಮಾತಾಡಿದರು. "ಇಶ್ಬೆಲ್, ನೀನು ಬರ್ತೀಯಾ?" ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಬರುತ್ತಿದ್ದೆ ಅಕ್ಕ.

ಈ ಪತ್ರ ಮಡಿಸುವ ಮುಂಚೆ ಶೆಡ್‌ಗೆ ಹೋಗಿ ಸೈಕಲ್‌ನ ಹಿಂದಿನ ಸೀಟು ಬಿಚ್ಚಿ ತಂದೆ. ಎದುರಿನ ಕುರ್ಚಿಯ ಮೇಲಿದೆ. ಡೂಗಲ್ ಬಂದು ಕೂಡಿಸಿಕೊಡು ಎಂದು ಕೇಳಬಹುದು. ನಾಳೆ ಭಾನುವಾರ. ನಮ್ಮ ಮನೆಯಲ್ಲಿ ಭಾನುವಾರ ಸ್ಪ್ಯಾನರ್ ಮುಟ್ಟುವುದಿಲ್ಲ.